ನೋಡಲು ಕಲಿಸುವ ವಾರ್ಡ್

ಎಲ್ಲರಿಗೂ ನಮಸ್ಕಾರ.

ನರ್ಸಿಂಗ್ ಓದುತ್ತಿರುವ ಮಕ್ಕಳೇ, ಇನ್ನು ಸ್ವಲ್ಪ ದಿನದಲ್ಲಿ ನಿಮಗೆ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಪೋಸ್ಟಿಂಗ್ ಶುರುವಾಗುತ್ತದೆ. ಕೆಲವರಿಗೆ ಭಯ ಇದೆ ಅಂತ ಗೊತ್ತು. ಅಷ್ಟು ಚಿಕ್ಕ ಮಗುವನ್ನು ಮುಟ್ಟಿದರೆ ಏನಾಗಿಬಿಡುತ್ತೋ ಅನ್ನುವ ಭಯ. ಇನ್ನು ಕೆಲವರಿಗೆ ಪಾಪುಗಳನ್ನು ಎತ್ತಿಕೊಳ್ಳುವ ಆಸೆ. ಅಲ್ಲಿ ಎತ್ತಿಕೊಳ್ಳುವುದು ಕಡಿಮೆ, ನಿಂತು ನೋಡುವುದು ಜಾಸ್ತಿ.

ಈ ವಾರ್ಡನ್ನು ಇಷ್ಟಪಟ್ಟು, ಮುಂದೆ ಇದೇ ಕೆಲಸ ಮಾಡುತ್ತೇನೆ ಅಂತ ಹೊರಟ ಎಷ್ಟೋ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಮಗುವಿನ ಮೇಲೆ ಕನಿಕರ ಮೊದಲ ದಿನ ಎಲ್ಲರಿಗೂ ಬರುತ್ತದೆ. ಅದೊಂದನ್ನೇ ನಂಬಿಕೊಂಡವರು ಬೇಗ ಸುಸ್ತಾಗುತ್ತಾರೆ. ಉಳಿದವರು ಬೇರೆ ಕಾರಣಕ್ಕೆ ಉಳಿದರು. ನಿನ್ನೆ ಕಾಣದಿದ್ದದ್ದು ಇವತ್ತು ತಮ್ಮ ಕಣ್ಣಿಗೆ ಬೀಳುತ್ತಿದೆ ಅಂತ ಅವರಿಗೆ ಒಂದು ದಿನ ಗೊತ್ತಾಯಿತು. ಆಮೇಲೆ ಬಿಡಲು ಮನಸ್ಸು ಬರಲಿಲ್ಲ.

ಒಬ್ಬ ಸಿಸ್ಟರ್ ಕಣ್ಣಿಗೆ ಬಿದ್ದ ಒಂದು ಸಂಗತಿ ಏನೆಲ್ಲ ಮಾಡಿತು ನೋಡಿ. 1956ರ ಸುಮಾರಿನ ಮಾತು. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ರಾಚ್‌ಫರ್ಡ್ ಜನರಲ್ ಆಸ್ಪತ್ರೆ. ಅಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿನ ಹೊಣೆ ಸಿಸ್ಟರ್ ಜೀನ್ ವಾರ್ಡ್ ಅವರದ್ದು. ಒಳಗಿನ ಬಿಸಿ ಗಾಳಿಗಿಂತ ಹೊರಗಿನ ಗಾಳಿ, ಬಿಸಿಲು ಮಕ್ಕಳಿಗೆ ಒಳ್ಳೆಯದು ಅಂತ ಅವರ ನಂಬಿಕೆ. ಬೆಚ್ಚಗಿನ ದಿನಗಳಲ್ಲಿ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದರು. ಒಂದು ದಿನ ರೌಂಡ್ಸ್‌ಗೆ ಬಂದ ಡಾಕ್ಟರುಗಳಿಗೆ ಒಂದು ಮಗುವಿನ ಬಟ್ಟೆ ಬಿಚ್ಚಿ ತೋರಿಸಿದರು. ಮೈಯೆಲ್ಲ ತಿಳಿಯಾಗಿದೆ. ಒಂದು ಕಡೆ ಮಾತ್ರ ತ್ರಿಕೋನದ ಆಕಾರದಲ್ಲಿ ಹಳದಿ. ಡಾಕ್ಟರುಗಳು ಏನೋ ಔಷಧಿ ಹಚ್ಚಿರಬೇಕು ಅಂದುಕೊಂಡರು. ಹೊದಿಕೆಯ ಮೂಲೆ ಮುಚ್ಚಿದ್ದ ಜಾಗ ಅದು ಅಂತ ಸಿಸ್ಟರ್ ಹೇಳಿದರು. ಅಂದರೆ ಬಿಸಿಲು ಬಿದ್ದಲ್ಲಿ ಕಾಮಾಲೆ ಇಳಿದಿತ್ತು, ಬೀಳದ ಕಡೆ ಹಾಗೇ ಉಳಿದಿತ್ತು.

ಅದೇ ಆಸ್ಪತ್ರೆಯ ಡಾಕ್ಟರ್ ಕ್ರೆಮರ್ ಮತ್ತು ಅವರ ಜೊತೆಯವರು ಇದರ ಬೆನ್ನು ಹತ್ತಿದರು. 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬೆಳಕಿನ ಚಿಕಿತ್ಸೆಯ ಬಗ್ಗೆ ಬರೆದರು. ನೀವು ವಾರ್ಡಿನಲ್ಲಿ ನೋಡುವ ಆ ನೀಲಿ ಬೆಳಕಿನ ಫೋಟೋಥೆರಪಿ ಬಂದದ್ದು ಅಲ್ಲಿಂದ. ಇದನ್ನು ಕೇಳಿ ಮನೆಯಲ್ಲಿ ಮಗುವನ್ನು ಬಿಸಿಲಿಗೆ ಹಿಡಿದರೆ ಸಾಕು ಅಂದುಕೊಳ್ಳಬೇಡಿ. ಎಷ್ಟೋ ಕುಟುಂಬಗಳು ಹಾಗೆ ಕಾದು ತಡ ಮಾಡುತ್ತವೆ. ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ರಕ್ತದಲ್ಲಿ ಮಿತಿ ಮೀರಿದರೆ ಮಿದುಳಿಗೇ ಪೆಟ್ಟು. ಪರೀಕ್ಷೆ ಮಾಡಿಸಲೇಬೇಕು.

ಜೀನ್ ವಾರ್ಡ್ ಅವರಲ್ಲಿ ನನಗೆ ಇಷ್ಟವಾದದ್ದು ಇನ್ನೊಂದಿದೆ. ಅವರು ಕಂಡದ್ದನ್ನು ಹೇಳಿದರು. ನಮ್ಮ ವಿದ್ಯಾರ್ಥಿಗಳು ಅಲ್ಲೇ ಹಿಂಜರಿಯುತ್ತಾರೆ. ಸೋಂಕು ತಗುಲಿದ ನವಜಾತ ಶಿಶು ಜ್ವರ ಬಂದು ತೋರಿಸಿಕೊಳ್ಳುತ್ತದೆ ಅಂತ ಏನೂ ಇಲ್ಲ. ಎಷ್ಟೋ ಸಲ ಮೈ ತಣ್ಣಗಾಗುತ್ತದೆ. ನಿನ್ನೆ ಅರಗಿಸಿಕೊಂಡಿದ್ದ ಹಾಲು ಇವತ್ತು ಹೊಟ್ಟೆಯಲ್ಲೇ ಉಳಿಯುತ್ತದೆ. ಹೊಟ್ಟೆ ಸ್ವಲ್ಪ ಉಬ್ಬಿರುತ್ತದೆ. ಚರ್ಮದ ಬಣ್ಣ ಬೇರೆ ಇರುತ್ತದೆ. "ಮಗು ಯಾಕೋ ಮಂಕಾಗಿದೆ" ಅಂತ ಅನ್ನಿಸುತ್ತದೆ, ಅಷ್ಟೇ. ಮಾನಿಟರಿನಲ್ಲಿ ಎಲ್ಲ ಸರಿ ಇರಬಹುದು. ಆದರೂ ಹೇಳಿ. ಸಿಸ್ಟರ್‌ಗೆ ಹೇಳಿ, ಡಾಕ್ಟರಿಗೆ ಹೇಳಿ. ಆ ಮಗುವಿಗೆ ಒಂದೆರಡು ಗಂಟೆ ಅಂದರೆ ಬಹಳ ದೊಡ್ಡದು.

ಇಷ್ಟು ಚಿಕ್ಕ ದೇಹದಲ್ಲಿ ಎಲ್ಲದರ ಅಳತೆಯೂ ಬೇರೆ. ಒಂದು ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತ ಒಟ್ಟು 85-90 ಎಂಎಲ್ ಅಷ್ಟೇ. ದರ್ಶಿನಿಯ ಕಾಫಿ ಲೋಟ ಇದೆಯಲ್ಲ, ಅದು ಕೂಡ ತುಂಬುವುದಿಲ್ಲ. ಅದರಲ್ಲಿ ಪರೀಕ್ಷೆಗೆ ಅಂತ ಪದೇ ಪದೇ ತೆಗೆಯುತ್ತಾ ಹೋದರೆ ಮಗುವಿಗೆ ರಕ್ತಹೀನತೆ ಬರುತ್ತದೆ. ಒಂದು ಸಲ ತೆಗೆದದ್ದರಲ್ಲೇ ಎರಡು ಪರೀಕ್ಷೆ ಮುಗಿಸಲು ಯೋಚಿಸುವ ನರ್ಸ್ ಚಿಕಿತ್ಸೆಯನ್ನೇ ಮಾಡುತ್ತಿರುತ್ತಾಳೆ.

ಉಷ್ಣತೆಯನ್ನೇ ತೆಗೆದುಕೊಳ್ಳಿ. ಥರ್ಮಾಮೀಟರ್ ಇಡಲೇಬೇಕು, 36.5ರಿಂದ 37.5 ಡಿಗ್ರಿ ಒಳಗೆ ಇರಬೇಕು. ಅದಕ್ಕೂ ಮೊದಲು ನಿಮ್ಮ ಕೈಯ ಹಿಂಭಾಗದಿಂದ ಮಗುವಿನ ಹೊಟ್ಟೆ ಮುಟ್ಟಿ, ಆಮೇಲೆ ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗು ಚಳಿಯ ಜೊತೆ ಗುದ್ದಾಡುತ್ತಿದೆ. ಎರಡೂ ತಣ್ಣಗಿದ್ದರೆ ಸೋಲುತ್ತಿದೆ. ಮೈ ಬೆಚ್ಚಗಿಟ್ಟುಕೊಳ್ಳಲು ಮಗು ತನ್ನ ಸಕ್ಕರೆಯನ್ನೂ ಆಮ್ಲಜನಕವನ್ನೂ ಖರ್ಚು ಮಾಡುತ್ತಿರುತ್ತದೆ. ತೂಕ ಏರದೇ ಇರುವುದಕ್ಕೆ ಕಾರಣ ಕೆಲವೊಮ್ಮೆ ಒಂದು ಟೋಪಿ, ಒಂದು ಜೊತೆ ಸಾಕ್ಸ್ ಇಲ್ಲದಿರುವುದು!

ಆಮ್ಲಜನಕದ ವಿಷಯಕ್ಕೆ ಬಂದರೆ, ವಿದ್ಯಾರ್ಥಿಗಳಿಗೆ ಸ್ಯಾಚುರೇಷನ್, ಅಂದರೆ ರಕ್ತದಲ್ಲಿರುವ ಆಮ್ಲಜನಕದ ಮಟ್ಟ, ಶೇಕಡಾ 100 ಕಂಡರೆ ಸಮಾಧಾನ. ಆಮ್ಲಜನಕ ಕೊಡುತ್ತಿರುವ, ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ 100 ಇದ್ದರೆ ನಾನು ಎಚ್ಚರವಾಗುತ್ತೇನೆ. ಅಂಥ ಮಗುವಿಗೆ ಸುಮಾರು 90ರಿಂದ 95 ಸಾಕು. ಜಾಸ್ತಿಯಾದರೆ ಇನ್ನೂ ಬೆಳೆಯುತ್ತಿರುವ ಅಕ್ಷಿಪಟಲದ ರಕ್ತನಾಳಗಳು ಕೆಡುತ್ತವೆ. ಅದೇ ಆರ್‌ಒಪಿ ಅನ್ನುವ ಕಣ್ಣಿನ ಕಾಯಿಲೆ. ತಡವಾದರೆ ಕಣ್ಣೇ ಹೋಗಬಹುದು. ನಮ್ಮಲ್ಲಿ 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಒಂದು ತಿಂಗಳೊಳಗೆ ಕಣ್ಣಿನ ಪರೀಕ್ಷೆ ಆಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಅನ್ನುವ ಯೋಜನೆ ಶುರು ಮಾಡಿದರು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹಿಡಿದು ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗುತ್ತಾರೆ. ಚಿತ್ರ ನೋಡಿ ತಜ್ಞರು ದೂರದಿಂದಲೇ ಹೇಳುತ್ತಾರೆ. ಆದರೆ ಡಿಸ್ಚಾರ್ಜ್ ದಿನ ತಾಯಿಗೆ ತಾರೀಖು ಬರೆದುಕೊಟ್ಟು, "ಇದನ್ನು ತಪ್ಪಿಸಬೇಡಿ ಅಮ್ಮ" ಅಂತ ಹೇಳಬೇಕಾದದ್ದು ನೀವು.

ಇನ್ನು ತಾಯಂದಿರು. ಅವರಲ್ಲಿ ಎಷ್ಟೋ ಜನ ಮಗುವನ್ನು ಬೆಚ್ಚಗಿಡುವ ವಾರ್ಮರ್ ಪಕ್ಕ ನಿಂತು ಕೇಳುವ ಮೊದಲ ಮಾತು, "ಮುಟ್ಟಬಹುದಾ ಸಿಸ್ಟರ್?" ತನ್ನ ಮಗುವನ್ನು ಮುಟ್ಟಲು ತಾಯಿ ನಮ್ಮನ್ನು ಕೇಳುತ್ತಿದ್ದಾಳೆ! ನನಗೆ ಇವತ್ತಿಗೂ ಆ ಮಾತು ಕೇಳಿದರೆ ಸಂಕಟವಾಗುತ್ತದೆ. ಹೂಂ ಅಂದರೆ ಸಾಲದು. ಕೈ ತೊಳೆಸಿ, ಕುರ್ಚಿ ಹಾಕಿ, ಮಗುವನ್ನು ಅವಳ ಎದೆಗೆ ಒರಗಿಸಿ ಕಟ್ಟಿಕೊಡಿ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದಾದಾಗ ಡಾಕ್ಟರ್ ಎಡ್ಗರ್ ರೇ ಹೀಗೆ ಮಾಡಿಸಿದರು. ಬಡವರ ಉಪಾಯ ಅಂತ ಬಹಳ ಕಾಲ ಇದನ್ನು ಕಡೆಗಣಿಸಿದವರಿದ್ದರು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಅಧ್ಯಯನ ಬಂತು. ಮಗು ಚೇತರಿಸಿಕೊಳ್ಳಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ಎದೆಗೆ ಹಾಕಿದರೆ ಮೊದಲ 28 ದಿನಗಳ ಸಾವು ಸುಮಾರು ಕಾಲು ಭಾಗ ಕಡಿಮೆಯಾಯಿತು. ನಮ್ಮ ಕೊಪ್ಪಳದಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಆರೋಗ್ಯ ಇಲಾಖೆ ಸೇರಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೀಗೆ ಎದೆಗೆ ಹಾಕಿಕೊಳ್ಳುವ ಈ ಕಾಂಗರೂ ಆರೈಕೆಯನ್ನು ಜಿಲ್ಲೆಗೆಲ್ಲ ಹರಡುವ ಕೆಲಸ ಮಾಡಿದವು. ಅಪ್ಪನೂ ಎದೆಗೆ ಹಾಕಿಕೊಳ್ಳಬಹುದು, ಅಜ್ಜಿಯೂ ಹಾಕಿಕೊಳ್ಳಬಹುದು. ಹಾಲು ಚೀಪಲು ಬಾರದ ಮಗುವಿಗೆ ಒಳಲೆಯಲ್ಲಿ ಕುಡಿಸುವುದು ಹೇಗೆ ಅಂತ ಅಜ್ಜಿಯರೇ ನಿಮಗೆ ಹೇಳಿಕೊಟ್ಟಾರು. ಎಷ್ಟು ಹೊತ್ತಿಗೆ, ಎಷ್ಟು ಎಂಎಲ್ ಅನ್ನುವುದನ್ನು ನೀವು ಅವರಿಗೆ ಹೇಳಿಕೊಡಿ.

ಕೆಲವು ಮಕ್ಕಳು ಉಳಿಯುವುದಿಲ್ಲ. ಇದನ್ನು ಮುಚ್ಚಿಡಲಾರೆ. 2020ರ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 20 ಮಕ್ಕಳು ಮೊದಲ ತಿಂಗಳಲ್ಲೇ ತೀರಿಕೊಂಡರು. ನಿಮ್ಮ ಪೋಸ್ಟಿಂಗ್‌ನಲ್ಲೂ ಆಗಬಹುದು. ಅತ್ತರೆ ತಪ್ಪಿಲ್ಲ. ಹಾಸ್ಟೆಲಿಗೆ ಹೋಗಿ ಒಬ್ಬರೇ ಕೂರಬೇಡಿ. ನಮ್ಮ ಹತ್ತಿರ ಬನ್ನಿ.

ಇಲ್ಲಿ ಕೂತಿರುವ ಆಡಳಿತದವರಿಗೂ ಒಂದು ಮಾತು. ವರ್ಷಗಟ್ಟಲೆ ಕಲಿತು ಪಳಗಿದ ಎನ್‌ಐಸಿಯು ನರ್ಸನ್ನು ರೊಟೇಷನ್ ಅಂತ ಬೇರೆ ವಾರ್ಡಿಗೆ ಹಾಕುವುದು ಬಹಳ ಕಡೆ ನಡೆಯುತ್ತದೆ. ಆ ಕಣ್ಣು ಒಂದು ತಿಂಗಳಲ್ಲಿ ತಯಾರಾಗುವುದಿಲ್ಲ. ದಯವಿಟ್ಟು ಅವರನ್ನು ಅಲ್ಲೇ ಇರಲು ಬಿಡಿ. ಒಬ್ಬೊಬ್ಬರಿಗೆ ನೋಡಿಕೊಳ್ಳಲು ಆಗುವಷ್ಟೇ ಮಕ್ಕಳನ್ನು ಕೊಡಿ. ವಿದ್ಯಾರ್ಥಿಗಳೇ, ನಿಮಗೆ ಈ ಕೆಲಸ ಹಿಡಿಸಿದರೆ ಕೋರ್ಸ್ ಮುಗಿದ ಮೇಲೆ ನವಜಾತ ಶಿಶು ನರ್ಸಿಂಗ್‌ನಲ್ಲೇ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಜಿಲ್ಲಾ ಆಸ್ಪತ್ರೆಗಳ ಎಸ್‌ಎನ್‌ಸಿಯುಗಳಿಗೆ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳಿಗೆ, ನಿಮ್ಮಂಥವರು ಬೇಕು.

ಮೊದಲ ದಿನ ಹೀಗೆ ಮಾಡಿ. ಉಂಗುರ, ಬಳೆ, ವಾಚು ತೆಗೆದಿಡಿ. ಮೊಣಕೈವರೆಗೆ ಕೈ ತೊಳೆಯಿರಿ. ಒಂದು ವಾರ್ಮರ್ ಆರಿಸಿಕೊಂಡು, ಕೇಸ್ ಶೀಟ್ ತೆರೆಯುವ ಮೊದಲು ಹತ್ತು ನಿಮಿಷ ಆ ಮಗುವನ್ನೇ ನೋಡಿ. ಉಸಿರು, ಬಣ್ಣ, ಕೈಕಾಲಿನ ಆಟ, ಹೊಟ್ಟೆ. ಕಂಡದ್ದನ್ನು ಬರೆದುಕೊಳ್ಳಿ, ಆಮೇಲೆ ಡ್ಯೂಟಿ ಸಿಸ್ಟರ್ ಬರೆದದ್ದರ ಜೊತೆ ಹೋಲಿಸಿ. ನಾಳೆ ಅದೇ ಮಗುವಿನ ಹತ್ತಿರ ಮತ್ತೆ ನಿಲ್ಲಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.