ಮಗು ಯಾರಿಗೆ ಸಿಗುತ್ತೆ?

ಕೇಳುಗರೆ, ನಮಸ್ಕಾರ.

ವಿಚ್ಛೇದನಕ್ಕೆಂದು ವಕೀಲರ ಹತ್ತಿರ ಹೋದವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಇದು: "ಮಗು ಯಾರಿಗೆ ಸಿಗುತ್ತೆ?" ಮನೆ, ಕಾರಿನ ಪಟ್ಟಿಯಲ್ಲಿ ಮಗುವೂ ಒಂದು ಎಂಬಂತೆ. ನ್ಯಾಯಾಲಯ ನೋಡುವುದು ಮಗುವಿನ ಹಿತ ಎಲ್ಲಿದೆ ಎಂದು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ನೋಡಿ. ಅಪ್ಪ ಅಮ್ಮ ಬೇರೆಯಾದರೂ ಇಬ್ಬರ ಜೊತೆಗೂ ಒಡನಾಟ ಉಳಿಸಿಕೊಳ್ಳುವುದು ಮಗುವಿನ ಹಕ್ಕು ಎನ್ನುತ್ತದೆ. ಹೊಡೆತ ಬಡಿತ ಇದ್ದ ಮನೆಯ ಮಾತು ಬೇರೆ. ಅಲ್ಲಿ ಭೇಟಿ ಮೂರನೆಯವರ ಎದುರಿನಲ್ಲೇ ಆಗಬೇಕು ಎಂದು ನ್ಯಾಯಾಲಯ ಹೇಳಬಹುದು, ಬೇಡವೇ ಬೇಡ ಎನ್ನಲೂಬಹುದು.

ಇನ್ನೊಂದು ಗೊಂದಲ. ಮಗು ಯಾರ ಜೊತೆ ಇರುತ್ತೆ ಅನ್ನೋದು ಒಂದು. ಶಾಲೆ, ಆಪರೇಷನ್, ಪಾಸ್‌ಪೋರ್ಟ್ ಬಗ್ಗೆ ಯಾರು ತೀರ್ಮಾನಿಸಬೇಕು ಅನ್ನೋದು ಇನ್ನೊಂದು. ಮಗು ಒಬ್ಬರ ಮನೆಯಲ್ಲಿದ್ದರೂ ತೀರ್ಮಾನ ಇಬ್ಬರದ್ದೂ ಆಗಿರಬಹುದು.

ಜಗಳ ಜಾಸ್ತಿ ಆಗುವುದು ದುಡ್ಡು ಮತ್ತು ಭೇಟಿಯನ್ನು ಗಂಟು ಹಾಕಿದಾಗ. "ಈ ತಿಂಗಳು ಖರ್ಚಿಗೆ ಕೊಟ್ಟಿಲ್ಲ, ಮಗುವನ್ನು ಕಳಿಸಲ್ಲ." "ಮಗುವನ್ನು ತೋರಿಸಿಲ್ಲ, ದುಡ್ಡು ಕೊಡಲ್ಲ." ಸಿಟ್ಟು ಅರ್ಥವಾಗುತ್ತೆ. ಆದರೆ ಬಹುತೇಕ ಕಡೆ ಕಾನೂನು ಇವೆರಡನ್ನೂ ಬೇರೆಬೇರೆ ಇಟ್ಟಿದೆ. ಒಬ್ಬರು ಆದೇಶ ಮುರಿದರೆ ನ್ಯಾಯಾಲಯಕ್ಕೆ ದೂರು ಕೊಡಿ. ನೀವೂ ಮುರಿದರೆ ನಿಮ್ಮ ಮೇಲೇ ದೂರು ಬರುತ್ತೆ, ಅಲ್ವಾ?

ಅಪ್ಪ ಅಮ್ಮ ಮಾಡಿಕೊಳ್ಳುವ ಒಪ್ಪಂದದಲ್ಲಿ ಸುಮ್ನೆ "ರಜೆಯಲ್ಲಿ ಭೇಟಿ" ಎಂದು ಬರೆದರೆ ಸಾಲದು. ಎಷ್ಟು ಗಂಟೆಗೆ, ಎಲ್ಲಿಂದ, ಯಾರು ಕರೆದೊಯ್ಯುತ್ತಾರೆ, ಮಗುವಿಗೆ ಜ್ವರ ಬಂದರೆ ಏನು, ಎಲ್ಲವನ್ನೂ ಬರೆಯಿರಿ. ಓದಲು ಬೇಸರ, ನಿಜ. ಆದರೆ ಬಾಗಿಲಲ್ಲಿ ನಿಂತು ವಾದ ಮಾಡುವುದು ತಪ್ಪುತ್ತದೆ. "ಅಮ್ಮನಿಗೆ ಹೇಳು", "ಅಪ್ಪನನ್ನು ಕೇಳು" ಎಂದು ಮಗುವಿನ ಬಾಯಲ್ಲಿ ಸುದ್ದಿ ಕಳಿಸುವುದೂ ತಪ್ಪುತ್ತದೆ.

ಹೇಳದೆ ಕೇಳದೆ ಮಗುವನ್ನು ಬೇರೆ ದೇಶಕ್ಕೆ ಕರೆದೊಯ್ಯಬೇಡಿ. ಹೀಗೆ ಕರೆದೊಯ್ದ ಮಕ್ಕಳ ಬಗೆಗಿನ 1980ರ ಹೇಗ್ ಒಡಂಬಡಿಕೆಗೆ ಸೇರಿದ ದೇಶಗಳಲ್ಲಿ, 16 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅದು ಮೊದಲು ವಾಸವಿದ್ದ ದೇಶಕ್ಕೇ ವಾಪಸು ಕಳಿಸುತ್ತಾರೆ. ವಾದವೆಲ್ಲ ಅಲ್ಲೇ ನಡೆಯಬೇಕು.

ಆದೇಶ ಕಲ್ಲಿನ ಮೇಲಿನ ಬರಹವಲ್ಲ. ಮೂರು ವರ್ಷದ ಮಗುವಿಗೆ ಹೊಂದಿದ ವೇಳಾಪಟ್ಟಿ ಹದಿಮೂರಕ್ಕೆ ಹೊಂದಲ್ಲ. ಆ ವಯಸ್ಸಿನ ಮಕ್ಕಳ ಅಭಿಪ್ರಾಯವನ್ನು ನ್ಯಾಯಾಧೀಶರೂ ಕೇಳುತ್ತಾರೆ. ಎರಡು ವರ್ಷಕ್ಕೊಮ್ಮೆ ಕೂತು ಮತ್ತೆ ನೋಡುತ್ತೇವೆ ಎಂಬ ಒಂದು ಸಾಲನ್ನು ಒಪ್ಪಂದದಲ್ಲಿ ಈಗಲೇ ಸೇರಿಸಿಬಿಡಿ.

ನಮಸ್ಕಾರ.