ಮೆದು ಬಾಯಿ, ಮೆದು ಕೈ

ಕೇಳುಗರಿಗೆ ನಮಸ್ಕಾರ.

ಒಂದು ಕೋಳಿಮೊಟ್ಟೆಯಿಂದ ಮಾತು ಶುರು ಮಾಡುತ್ತೇನೆ. ಚೆನ್ನಾಗಿ ಪಳಗಿದ ಲ್ಯಾಬ್ರಡಾರ್ ನಾಯಿಯ ಬಾಯಿಗೆ ಹಸಿ ಮೊಟ್ಟೆ ಕೊಟ್ಟರೆ, ಒಡೆಯದ ಹಾಗೆ ತಂದು ನಿಮ್ಮ ಅಂಗೈಯಲ್ಲಿ ಇಡಬಲ್ಲದು. ಗುಂಡು ತಗುಲಿ ಬಿದ್ದ ಹಕ್ಕಿಯನ್ನು ಹಲ್ಲು ನಾಟದ ಹಾಗೆ ಎತ್ತಿ ತರಲೆಂದೇ ಬೆಳೆಸಿದ ತಳಿ ಅದು. ಇದಕ್ಕೆ ಮೆದು ಬಾಯಿ ಎನ್ನುತ್ತಾರೆ. ಅಷ್ಟು ಬಲವಾದ ದವಡೆಯಲ್ಲಿ ಅಷ್ಟು ಹಗುರ ಹಿಡಿತ. ನನಗೆ ಇವತ್ತಿಗೂ ಅದು ಬೆರಗು.

ಶ್ವಾನ ಪ್ರದರ್ಶನದಲ್ಲಿ ತೀರ್ಪು ಕೊಡುವ ಕೆಲಸ ನನ್ನದು. ಕಳೆದ ಸಲ ಮಂಗಳೂರಿನಲ್ಲಿ ಒಂದೇ ದಿನ ಎರಡು ರಿಂಗ್, ಅಂದರೆ ಹಗ್ಗ ಕಟ್ಟಿದ ಸ್ಪರ್ಧೆಯ ಕಣ, ನನ್ನ ಪಾಲಿಗೆ ಬಂತು. ಬೆಳಿಗ್ಗೆ ಗನ್‌ಡಾಗ್ ತಳಿಗಳು. ಆಮೇಲೆ ಮಕ್ಕಳ ಹ್ಯಾಂಡ್ಲಿಂಗ್ ಸ್ಪರ್ಧೆ, ಅಂದರೆ ಮಕ್ಕಳೇ ನಾಯಿಯನ್ನು ಹಿಡಿದು ನಡೆಸಿ ತೋರಿಸುವುದು.

ಗನ್‌ಡಾಗ್ ಅಂದರೆ ಕೋವಿ ಹಿಡಿದವನ ಜೊತೆಗಾರ ನಾಯಿ. ಇವುಗಳಲ್ಲಿ ಒಂದೊಂದಕ್ಕೆ ಒಂದೊಂದು ಕೆಲಸ. ಪಾಯಿಂಟರ್ ಹಕ್ಕಿಯ ವಾಸನೆ ಹಿಡಿದು, ಒಂದು ಕಾಲು ಎತ್ತಿ, ಕಲ್ಲಿನಂತೆ ನಿಂತುಬಿಡುತ್ತದೆ. ಸ್ಪೇನಿಯಲ್ ಪೊದೆಗೆ ನುಗ್ಗಿ ಹಕ್ಕಿಯನ್ನು ಎಬ್ಬಿಸುತ್ತದೆ. ರಿಟ್ರೀವರ್ ಬಿದ್ದದ್ದನ್ನು ಹುಡುಕಿ ತರುತ್ತದೆ. ನಮ್ಮೂರಿನ ರಿಂಗಿಗೆ ಬರುವುದು ಜಾಸ್ತಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್. ಆಮೇಲೆ ಕಾಕರ್ ಸ್ಪೇನಿಯಲ್.

ಬೇಟೆಯೇ ಇಲ್ಲದ ಊರಿನಲ್ಲಿ ಬೇಟೆ ನಾಯಿಗೆ ಎಂಥ ತೀರ್ಪು ಅಂತ ಕೆಲವರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತಡೆ ಹಾಕಿತು. ಒಳ್ಳೆಯದೇ ಆಯಿತು. ಆದರೆ ನಾಯಿಯ ಮೈ ಆ ಕೆಲಸವನ್ನು ಇನ್ನೂ ಮರೆತಿಲ್ಲ. ಲ್ಯಾಬ್ರಡಾರಿನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ತಣ್ಣೀರಿನಲ್ಲಿ ದುಡಿದ ನಾಯಿಗಳು. ಕೂದಲು ಗಿಡ್ಡ, ದಟ್ಟ. ಬೆರಳಿನಿಂದ ಬಿಡಿಸಿ ನೋಡಿದರೆ ಒಳಗೆ ಇನ್ನೊಂದು ಪದರ, ನೀರು ಚರ್ಮಕ್ಕೆ ಇಳಿಯದ ಹಾಗೆ. ಬಾಲ ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಣ್ಣ. ನಮ್ಮ ಹೊಳೆಗಳ ನೀರುನಾಯಿಯ ಬಾಲ ನೋಡಿದ್ದೀರಲ್ಲ, ಹಾಗೆಯೇ. ಈಜುವಾಗ ಅದು ದೋಣಿಯ ಚುಕ್ಕಾಣಿ ಇದ್ದಂತೆ.

ಹಾಗಾಗಿ ನಾನು ಕಣ್ಣಿಗಿಂತ ಕೈಯನ್ನು ಜಾಸ್ತಿ ನಂಬುತ್ತೇನೆ. ಮೊದಲು ಬಾಯಿ. ಮೇಲಿನ ಮುಂಹಲ್ಲು ಕೆಳಗಿನದರ ಮೇಲೆ ಕತ್ತರಿಯ ಹಾಗೆ ಕೂತಿರಬೇಕು. ಆಮೇಲೆ ಹೆಗಲು, ಎದೆ, ಬೆನ್ನು, ಹಿಂಗಾಲು. ಗಂಡು ಲ್ಯಾಬ್ರಡಾರಿನ ಎತ್ತರ 56ರಿಂದ 57 ಸೆಂಟಿಮೀಟರ್, ಹೆಣ್ಣು 54ರಿಂದ 56. ಪಕ್ಕೆಗೆ ಅಂಗೈ ಇಟ್ಟರೆ ಎಲುಬು ಮೆಲ್ಲಗೆ ಕೈಗೆ ಸಿಗಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆಯ ಎಷ್ಟೋ ಲ್ಯಾಬ್ರಡಾರ್‌ಗಳ ಪಕ್ಕೆಯಲ್ಲಿ ಎಲುಬು ಸಿಗುವುದೇ ಇಲ್ಲ. ಅನ್ನ, ಮೀನಿನ ತಲೆ, ಚಹಾದ ಹೊತ್ತಿಗೆ ಬಿಸ್ಕೆಟ್. ಪ್ರೀತಿಯಿಂದಲೇ ಹಾಕುತ್ತಾರೆ, ಗೊತ್ತು. ಆದರೆ ಈ ತಳಿಯ ಹಸಿವು ಬೇರೆ ಥರದ್ದು. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಒಂದು ವಿಷಯ ಕಂಡುಹಿಡಿದರು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿಗೆ, ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸುವ ವಂಶವಾಹಿಯಲ್ಲೇ ಒಂದು ಚೂರು ಇಲ್ಲ. ಅದು ತಟ್ಟೆಯ ಮುಂದೆ ನಿಂತು ಬೇಡುವುದು ಆಸೆಬುರುಕತನದಿಂದ ಅಲ್ಲ. ಉಂಡ ಮೇಲೂ ಅದಕ್ಕೆ ಬೇಗ ಹಸಿವಾಗುತ್ತದೆ. ಮನೆಯವರೇ ಸಾಕು ಅನ್ನಬೇಕು. ಮೈ ಬಂದ ನಾಯಿಗೆ ನಮ್ಮ ಕರಾವಳಿಯ ಸೆಖೆ ಇನ್ನೂ ಕಷ್ಟ. ನಾಯಿ ನಾಲಿಗೆ ಚಾಚಿ ಏದುಸಿರು ಬಿಡುವುದೇ ಮೈ ತಣ್ಣಗಾಗಲು. ಗಾಳಿಯಲ್ಲೇ ನೀರು ತುಂಬಿದ್ದರೆ ನಾಲಿಗೆಯ ತೇವ ಆರುವುದಿಲ್ಲ. ಅವತ್ತು ಹತ್ತು ಗಂಟೆ ದಾಟಿದ ಮೇಲೆ ನಾನು ಎಲ್ಲರನ್ನೂ ಮರದ ನೆರಳಿಗೆ ಕರೆಸಿದೆ. ಟ್ರೋಫಿ ಆಮೇಲೆ, ನೀರು ಮೊದಲು.

ಇನ್ನು ಮಕ್ಕಳ ರಿಂಗ್. ಇಲ್ಲಿ ಎಲ್ಲವೂ ತಿರುಗುಮುರುಗು. ನಾಯಿ ಎಷ್ಟು ಚೆಂದ ಎನ್ನುವುದಕ್ಕೆ ಒಂದು ಅಂಕವೂ ಇಲ್ಲ. ನೋಡುವುದು ಮಗುವನ್ನು. ತ್ರಿಕೋನದಲ್ಲಿ ಓಡಿ ಬಾ ಅನ್ನುತ್ತೇವೆ, ನೇರ ಹೋಗಿ ವಾಪಸ್ ಬಾ ಅನ್ನುತ್ತೇವೆ. ನಾಯಿಗೂ ತೀರ್ಪುಗಾರನಿಗೂ ನಡುವೆ ಮಗು ಅಡ್ಡ ಬರಬಾರದು. ತಿರುಗುವಾಗ ಲೀಶನ್ನು, ಅಂದರೆ ನಾಯಿಯ ಕತ್ತಿನ ಹಗ್ಗವನ್ನು, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಬೇಕು. ಇದನ್ನೆಲ್ಲ ಒಂದು ತಿಂಗಳಲ್ಲಿ ಕಲಿಸಬಹುದು. ನಾನು ಹುಡುಕುವುದು ಬೇರೆ.

ಕೊನೆಗೆ ಇಬ್ಬರು ಉಳಿದರು. ಒಬ್ಬ ಹುಡುಗ, ಹದಿಮೂರು ಇರಬಹುದು. ಕೈಯಲ್ಲಿ ಕಪ್ಪು ಲ್ಯಾಬ್ರಡಾರ್, ಬೆಳಿಗ್ಗೆ ನಾನೇ ಮೊದಲ ಸ್ಥಾನ ಕೊಟ್ಟ ನಾಯಿ. ಹುಡುಗನ ಹೆಜ್ಜೆ ಅಳತೆ ಹಿಡಿದ ಹಾಗೆ. ಆದರೆ ಲೀಶ್ ಬಿಗಿ. ನಾಯಿಯ ಕತ್ತು ಮೇಲಕ್ಕೆ ಜಗ್ಗಿಕೊಂಡೇ ಇತ್ತು. ಇನ್ನೊಬ್ಬಳು ಹನ್ನೊಂದರ ಹುಡುಗಿ, ಅವಳದ್ದು ಗೋಲ್ಡನ್. ರಿಂಗಿನ ನಡುವೆ ಆ ಗೋಲ್ಡನ್ ಸುಮ್ನೆ ಕೂತುಬಿಟ್ಟಿತು. ಜನ ನಕ್ಕರು. ಹುಡುಗಿ ಜಗ್ಗಲಿಲ್ಲ. ಬಗ್ಗಿದಳು, ಲೀಶನ್ನು ಇನ್ನಷ್ಟು ಸಡಿಲ ಬಿಟ್ಟಳು, ಕಿವಿಯ ಹತ್ತಿರ ತುಳುವಿನಲ್ಲಿ "ಬಲ" ಅಂದಳು. ಬಾ ಅಂತ. ನಾಯಿ ಎದ್ದು ಅವಳ ಹೆಜ್ಜೆಗೆ ಹೆಜ್ಜೆ ಹಾಕಿತು.

ನಾಯಿಗಳನ್ನು ಅದಲುಬದಲು ಮಾಡಿಕೊಳ್ಳಿ ಅಂದೆ. ಇಂಥ ಸ್ಪರ್ಧೆಯಲ್ಲಿ ಇದು ಇರುವುದೇ. ಹುಡುಗಿಯ ಕೈಗೆ ಬಂದ ಲ್ಯಾಬ್ರಡಾರ್ ಮೊದಲು ಅವಳನ್ನು ಮೂಸಿತು, ಆಮೇಲೆ ಕತ್ತು ಇಳಿಸಿ ಹಾಯಾಗಿ ನಡೆಯಿತು. ಹುಡುಗನ ಕೈಯಲ್ಲಿ ಗೋಲ್ಡನ್ ಕಿವಿ ಹಿಂದಕ್ಕೆ ಮಾಡಿ ನಿಂತೇಬಿಟ್ಟಿತು. ಅವನು ಒಂದು ಸಲ ಹುಡುಗಿಯ ಕಡೆ ನೋಡಿದ. ಕೈ ಕೆಳಗಿಳಿಸಿದ. ನಾಯಿ ನಡೆಯಿತು.

ಹುಡುಗಿಗೆ ಮೊದಲ ಸ್ಥಾನ, ಅವನಿಗೆ ಎರಡನೆಯದು. ಅವನ ಅಪ್ಪ ಹಗ್ಗದಾಚೆಯಿಂದಲೇ ಕೇಳಿದರು: "ಎಂತ ಸರ್ ಇದು? ಬೆಳಿಗ್ಗೆ ನಮ್ಮ ನಾಯಿಯನ್ನೇ ಗೆಲ್ಲಿಸಿದ್ದಲ್ವಾ ನೀವು?" ಹೌದು, ಬೆಳಿಗ್ಗೆ ನಾಯಿ ಗೆದ್ದಿತು, ಈಗ ನಾನು ನೋಡಿದ್ದು ಕೈ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ.

ಹುಡುಗ ಮಾತ್ರ ಎಲ್ಲ ಮುಗಿದ ಮೇಲೆ ಒಬ್ಬನೇ ಬಂದ. "ಸರ್, ಎಷ್ಟು ಸಡಿಲ ಬಿಡಬೇಕು?" ಅಂತ ಕೇಳಿದ. ಅವನದೇ ಲೀಶ್ ತೆಗೆದುಕೊಂಡೆ. ಒಂದು ತುದಿ ಅವನ ಬೆರಳಿಗೆ ಕೊಟ್ಟೆ, ಇನ್ನೊಂದು ನಾನು ಹಿಡಿದೆ. ಕಣ್ಣು ಮುಚ್ಚು, ನಾನು ಯಾವ ಕಡೆ ತಿರುಗುತ್ತೇನೆ ಹೇಳು ಅಂದೆ. ಮೊದಲು ಅವನು ಬಿಗಿ ಹಿಡಿದ, ಏನೂ ಗೊತ್ತಾಗಲಿಲ್ಲ. ಮೂರನೇ ಸಲಕ್ಕೆ ಬೆರಳು ತಾನಾಗಿಯೇ ಸಡಿಲವಾಯಿತು. ನಾನಿನ್ನೂ ಹೆಜ್ಜೆ ಎತ್ತಿರಲಿಲ್ಲ, ಭುಜ ಸ್ವಲ್ಪ ವಾಲಿಸಿದ್ದೆ ಅಷ್ಟೇ.

"ಎಡಕ್ಕೆ," ಅಂದ ಅವನು, ಕಣ್ಣು ಮುಚ್ಚಿಕೊಂಡೇ.

ನಮಸ್ಕಾರ.