ಬೆಲ್ಲದ ಆರ್ಡರು: ಒಂದೇ ಸಲ ಬರೆದರೆ ಸಾಕು

ಕೇಳುಗರಿಗೆ ನಮಸ್ಕಾರ.

ಮಂಡ್ಯದಲ್ಲಿ ಬೆಲ್ಲ ಪ್ಯಾಕ್ ಮಾಡಿ ಮಾರುವ ಒಂದು ಮಳಿಗೆ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಮೈಸೂರಿನ ಸಂತೆಪೇಟೆಯಿಂದ ಅಂಗಡಿಯವರೊಬ್ಬರು ಫೋನ್ ಮಾಡುತ್ತಾರೆ. "ಅಚ್ಚು ಬೆಲ್ಲ ಒಂದು ಕೆಜಿಯದು ನಲವತ್ತು, ಪುಡಿ ಬೆಲ್ಲ ಅರ್ಧ ಕೆಜಿಯದು ಇಪ್ಪತ್ತು, ನಾಳೆ ಟೆಂಪೋಗೆ ಹಾಕಿಬಿಡಿ." ಗಲ್ಲಾದಲ್ಲಿ ಕೂತವರು ಚೀಟಿಯಲ್ಲಿ ಗೀಚಿಕೊಳ್ಳುತ್ತಾರೆ. ಚೀಟಿ ನೋಡಿ ಆರ್ಡರ್ ಪುಸ್ತಕಕ್ಕೆ ಏರಿಸುತ್ತಾರೆ. ಪುಸ್ತಕ ನೋಡಿ ಪ್ಯಾಕಿಂಗ್‌ನವರಿಗೆ ವಾಟ್ಸ್ಯಾಪ್ ಮಾಡುತ್ತಾರೆ. ಸಂಜೆ ಅದನ್ನೇ ಬಿಲ್ಲಿಗೆ ಬರೆಯುತ್ತಾರೆ, ಟೆಂಪೋ ಡ್ರೈವರ್ ಕೈಗೆ ಕೊಡುವ ಪಟ್ಟಿಗೆ ಬರೆಯುತ್ತಾರೆ, ಕೊನೆಗೆ ಬಾಕಿ ವಹಿಗೂ ಬರೆಯುತ್ತಾರೆ. ಒಂದು ಆರ್ಡರನ್ನು ಆರು ಸಲ ಬರೆದದ್ದಾಯಿತು. ನಡುವೆ ಯಾರೋ ಕೂಗಿ ಹೇಳುವಾಗ ಇಪ್ಪತ್ತು ಎಪ್ಪತ್ತಾಗಿ ಕೇಳಿಸಿರುತ್ತದೆ.

ಕೋಡ್ ಬರೆಯದೆಯೇ ಕೆಲಸಗಳನ್ನು ಒಂದಕ್ಕೊಂದು ಜೋಡಿಸುವ ತಂತ್ರಾಂಶಗಳು ಉಳಿಸುವುದು ಎರಡನೆಯ ಸಲದಿಂದ ಆರನೆಯ ಸಲದವರೆಗಿನ ಬರವಣಿಗೆಯನ್ನು. ಮೊದಲನೆಯ ಸಲ ಬರೆಯುವ ಹೊಣೆ ನಮ್ಮದೇ. ಅಲ್ಲಿ ತಪ್ಪಿದರೆ ಆ ತಪ್ಪು ಕೂಡ ಆರು ಕಡೆ ಸರಾಗವಾಗಿ ಹೋಗಿ ಕೂರುತ್ತದೆ, ಅದೂ ಎರಡೇ ಸೆಕೆಂಡಿನಲ್ಲಿ.

ಇಂಥ ತಂತ್ರಾಂಶಗಳು ಬೇಕಾದಷ್ಟಿವೆ. 2011ರಲ್ಲಿ ಶುರುವಾದ ಝೇಪಿಯರ್, ಹಿಂದೆ ಇಂಟೆಗ್ರೋಮ್ಯಾಟ್ ಅನ್ನಿಸಿಕೊಳ್ಳುತ್ತಿದ್ದ ಮೇಕ್, ಮೈಕ್ರೋಸಾಫ್ಟ್‌ನವರ ಪವರ್ ಆಟೊಮೇಟ್, ಝೋಹೊದವರ ಫ್ಲೋ, ನಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬಹುದಾದ ಎನ್‌ಏಟ್‌ಎನ್. ಯಾವುದು ಮೇಲು ಅಂತ ವಾರಗಟ್ಟಲೆ ಯೋಚಿಸಬೇಕಾಗಿಲ್ಲ. ಎಲ್ಲದರ ಒಳಗೂ ಇರುವುದು ಒಂದೇ: 'ಇಂಥದ್ದು ಆದಾಗ' ಅನ್ನುವ ಒಂದು ಟ್ರಿಗರ್, 'ಹೀಗಿದ್ದರೆ ಮಾತ್ರ' ಅನ್ನುವ ಫಿಲ್ಟರ್, 'ಇದನ್ನು ಮಾಡು' ಅನ್ನುವ ಹೆಜ್ಜೆಗಳು.

ತಂತ್ರಾಂಶ ತೆರೆಯುವ ಮೊದಲು ಒಂದು ವಾರ ಕಾಗದ ಹಿಡಿಯಿರಿ. ಐದು ಆರ್ಡರ್ ಆರಿಸಿಕೊಂಡು ಪ್ರತಿಯೊಂದೂ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲಿ ಬರೆದರು, ಎಲ್ಲಿ ಕಾದಿತ್ತು ಅಂತ ಗುರುತು ಹಾಕಿಕೊಳ್ಳಿ. 'ಆದರೆ' ಅನ್ನುವ ಮಾತು ಬಂದ ಕಡೆಯೆಲ್ಲ ಅಡಿಗೆರೆ ಎಳೆಯಿರಿ. "ಬಿಲ್ ಮಾಡ್ತೀವಿ, ಆದ್ರೆ ಹಳೆ ಬಾಕಿ ಇದ್ರೆ ಯಜಮಾನ್ರನ್ನ ಕೇಳ್ತೀವಿ." ಆ 'ಆದ್ರೆ' ಇರುವ ಕಡೆ ಯಂತ್ರ ನಿಲ್ಲಬೇಕು, ಮನುಷ್ಯ ಬರಬೇಕು. ಯಾರಿಗೆ ಎಷ್ಟು ಸಾಲ ಕೊಡಬಹುದು ಅನ್ನುವುದು ಯಜಮಾನರ ತಲೆಯಲ್ಲಿರುವ ಲೆಕ್ಕ, ಅದನ್ನು ಫಿಲ್ಟರ್‌ಗೆ ಇಳಿಸಲು ಹೋಗಬೇಡಿ. ದಿನವೂ ಬರುವ, ಒಂದೇ ವಾಕ್ಯದಲ್ಲಿ ಹೇಳಬಹುದಾದ, ತಪ್ಪಿದರೂ ತಿದ್ದಬಹುದಾದ ಕೆಲಸ ಮೊದಲಿಗೆ ಸಾಕು. ನಮ್ಮ ಬೆಲ್ಲದ ಮಳಿಗೆಯಲ್ಲಾದರೆ ಪ್ಯಾಕಿಂಗ್ ಪಟ್ಟಿ ಅಂಥದ್ದು.

ಇನ್ನು ಶೀಟು, ಅಂದರೆ ಆರ್ಡರುಗಳೆಲ್ಲ ಸಾಲಾಗಿ ಕೂರುವ ಗೂಗಲ್ ಶೀಟ್. ಫೋನ್ ಎತ್ತಿದವರು ಚೀಟಿಯ ಬದಲು ಮೊಬೈಲಿನಲ್ಲೇ ಒಂದು ಗೂಗಲ್ ಫಾರಂ ತುಂಬುತ್ತಾರೆ, ಅದು ಶೀಟಿನಲ್ಲಿ ಒಂದು ಸಾಲಾಗುತ್ತದೆ. ಒಂದು ಸಾಲಿಗೆ ಒಂದು ಸರಕು, ಒಂದು ಕಾಲಂಗೆ ಒಂದು ಸಂಗತಿ. "40 ಅಚ್ಚು ಒಂದು ಕೆಜಿ" ಅಂತ ಒಂದೇ ಮನೆಯಲ್ಲಿ ತುರುಕಿದರೆ ಯಂತ್ರ ಕೂಡಲಾರದು. ಸರಕು ಬೇರೆ, ಅಳತೆ ಬೇರೆ, ಎಣಿಕೆ ಬೇರೆ. ಸರಕಿನ ಹೆಸರನ್ನು ಟೈಪ್ ಮಾಡಿಸಬೇಡಿ, ಪಟ್ಟಿಯಿಂದ ಆರಿಸುವಂತೆ ಮಾಡಿ. ಇಲ್ಲದಿದ್ದರೆ 'ಅಚ್ಚು ಬೆಲ್ಲ', 'ಅಚ್ಚುಬೆಲ್ಲ', ಇಂಗ್ಲಿಷಿನಲ್ಲಿ ಬರೆದ ಅಚ್ಚುಬೆಲ್ಲ, ಇವು ಯಂತ್ರದ ಕಣ್ಣಿಗೆ ಮೂರು ಬೇರೆ ಬೇರೆ ಸರಕು. ಗಿರಾಕಿಗಳಿಗೆ ಒಂದೊಂದು ಸಂಖ್ಯೆ ಕೊಡಿ. ಮೈಸೂರಿನಲ್ಲಿ ಚಾಮುಂಡೇಶ್ವರಿ ಹೆಸರಿನ ಅಂಗಡಿ ಒಂದೇ ಇರುತ್ತದೆಯೇ?

ಶೀಟಿನಲ್ಲಿ ಕೈಕೊಡುವುದು ಮೂರು ಕಡೆ. ಒಂದು, ಫೋನ್ ನಂಬರು. ಪ್ಲಸ್ 91 ಅಂತ ಶುರುಮಾಡಿ ಅಂತರ ಬಿಟ್ಟು ಬರೆದರೆ ಶೀಟು ಅದನ್ನು ಸೂತ್ರ ಅಂದುಕೊಂಡು ತಪ್ಪು ತೋರಿಸುತ್ತದೆ. ಸೊನ್ನೆಯಿಂದ ಶುರುಮಾಡಿದರೆ ಸೊನ್ನೆಯನ್ನೇ ನುಂಗುತ್ತದೆ. ಆ ಕಾಲಮನ್ನು ಬರೀ ಪಠ್ಯ ಅಂತ ಬದಲಾಯಿಸಿ, ಹತ್ತೇ ಅಂಕಿ ತೆಗೆದುಕೊಳ್ಳಿ, ಮುಂದಿನ 91ನ್ನು ಸಂದೇಶ ಕಳಿಸುವ ಹೆಜ್ಜೆಯಲ್ಲಿ ಸೇರಿಸಿ. ಎರಡು, ತಾರೀಕು. ಶೀಟಿನ ಸೆಟ್ಟಿಂಗಿನಲ್ಲಿ ದೇಶ ಅಮೆರಿಕ ಅಂತಿದ್ದರೆ 05/08 ಅನ್ನುವುದು ಆಗಸ್ಟ್ 5ರ ಬದಲು ಮೇ 8 ಆಗುತ್ತದೆ. 15/08 ಬರೆದರೆ ಹದಿನೈದನೆಯ ತಿಂಗಳು ಇಲ್ಲವಲ್ಲ, ಹಾಗಾಗಿ ಅದು ತಾರೀಕೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ತಿಂಗಳ ಮೊದಲ ಹನ್ನೆರಡು ದಿನದ ಲೆಕ್ಕ ಒಂದು ಥರ, ಉಳಿದ ದಿನದ್ದು ಇನ್ನೊಂದು ಥರ ತಪ್ಪುತ್ತಿದ್ದರೆ ಕಾರಣ ಇದೇ. ಮೂರು, ಕನ್ನಡ. 'ನುಡಿ' ತಂತ್ರಾಂಶದಲ್ಲಾಗಲಿ 'ಬರಹ' ತಂತ್ರಾಂಶದಲ್ಲಾಗಲಿ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಬರೆದಿಟ್ಟ ಗಿರಾಕಿ ಪಟ್ಟಿಯನ್ನು ಹಾಗೇ ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ.

ಶೀಟು ಸರಿಹೋದ ಮೇಲೆ ಜೋಡಣೆ. ಟ್ರಿಗರ್‌ಗಳಲ್ಲಿ ಎರಡು ಜಾತಿ. ಒಂದು, ತಾನೇ ಆಗಾಗ ಹೋಗಿ "ಹೊಸದೇನಾದರೂ ಬಂತಾ?" ಅಂತ ಇಣುಕಿ ನೋಡುವುದು. ಇನ್ನೊಂದು ವೆಬ್‌ಹುಕ್, ಅಂದರೆ ಹೊಸದು ಬಂದಾಗ ಆ ಕಡೆಯವರೇ ಬಾಗಿಲು ತಟ್ಟುವುದು. ವ್ಯತ್ಯಾಸ ಗೊತ್ತಾಗುವುದು ಬಿಲ್ಲು ಬಂದಾಗ. ಮೇಕ್‌ನಲ್ಲಿ ಇಣುಕಿ ನೋಡಿ ಏನೂ ಸಿಗದಿದ್ದರೂ, ತಿಂಗಳಿಗೆ ಇಷ್ಟು ಅಂತ ಕೊಟ್ಟಿರುವ ಬಳಕೆಯ ಮಿತಿಯಲ್ಲಿ ಒಂದು ಎಣಿಕೆ ಖರ್ಚಾಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 96 ಸಲ. ತಿಂಗಳಿಗೆ 1000 ಎಣಿಕೆಯ ಉಚಿತ ಖಾತೆ, ಒಂದೂ ಆರ್ಡರ್ ಬರದಿದ್ದರೂ ಹನ್ನೊಂದನೆಯ ದಿನ ಖಾಲಿ. ಝೇಪಿಯರ್‌ನಲ್ಲಿ ಇಣುಕುವುದಕ್ಕೆ ಲೆಕ್ಕವಿಲ್ಲ, ಯಶಸ್ವಿಯಾಗಿ ಮುಗಿದ ಹೆಜ್ಜೆಗಳಿಗೆ ಮಾತ್ರ ಲೆಕ್ಕ. ಆದರೆ ಅಲ್ಲಿಯ ಉಚಿತ ಖಾತೆಯಲ್ಲಿ ಸಿಗುವುದು ತಿಂಗಳಿಗೆ 100. ಈ ದರಗಳು ಬದಲಾಗುತ್ತಿರುತ್ತವೆ, ಸೇರುವ ದಿನವೇ ಬೆಲೆಪಟ್ಟಿ ನೋಡಿಕೊಳ್ಳಿ. ನಿಮ್ಮ ಲೆಕ್ಕ ಮಾತ್ರ ಮೊದಲೇ ಹಾಕಿಟ್ಟುಕೊಳ್ಳಿ: ದಿನಕ್ಕೆ 40 ಆರ್ಡರ್, ಒಂದಕ್ಕೆ 5 ಹೆಜ್ಜೆ, ತಿಂಗಳಿಗೆ 26 ದಿನ, ಒಟ್ಟು 5200. ಸಂಕ್ರಾಂತಿಯ ಹಿಂದಿನ ವಾರ ಎಳ್ಳು ಬೆಲ್ಲದ ಭರಾಟೆಯಲ್ಲಿ ಇದು ಎರಡರಷ್ಟೋ ಮೂರರಷ್ಟೋ ಆದರೆ ಯಂತ್ರ ನಿಲ್ಲುವುದು ಸರಿಯಾಗಿ ಹಬ್ಬದ ಹೊತ್ತಿಗೇ.

ಅಷ್ಟಕ್ಕೂ ಎಲ್ಲವೂ ಆ ಕ್ಷಣವೇ ಆಗಬೇಕು ಅನ್ನುವ ಹಟ ಯಾಕೆ? ಟೆಂಪೋ ಹೊರಡುವುದು ನಾಳೆ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು, ರಾತ್ರಿ ಏಳು, ಹೀಗೆ ನಾಲ್ಕು ಸಲ ಶೀಟು ನೋಡಿದರೆ ಧಾರಾಳವಾಯಿತು. ತಿಂಗಳಿಗೆ 120 ಇಣುಕು, ಅಷ್ಟೆ.

ಇನ್ನೊಂದು ಕಾಲಂ ಬೇಕೇ ಬೇಕು: 'ಸ್ಥಿತಿ'. ಹೊಸ ಸಾಲಿಗೆ 'ಹೊಸದು' ಅಂತಿರಲಿ. ಯಂತ್ರ ಕೈಗೆತ್ತಿಕೊಂಡ ಕೂಡಲೇ 'ನಡೆಯುತ್ತಿದೆ' ಅಂತ ಬರೆಯಲಿ, ಎಲ್ಲ ಹೆಜ್ಜೆ ಮುಗಿದ ಮೇಲೆ 'ಮುಗಿದಿದೆ' ಅಂತ ಬರೆಯಲಿ. ಮೂರು ಯಾಕೆ, ಎರಡು ಸಾಲದೇ ಅನ್ನಿಸಬಹುದು. ಕೊನೆಯಲ್ಲಿ ಮಾತ್ರ ಗುರುತು ಹಾಕಿದರೆ, ನಡುವೆ ಕೆಟ್ಟು ಮತ್ತೆ ಓಡಿದಾಗ ಗಿರಾಕಿಗೆ ಒಂದೇ ಸಂದೇಶ ಎರಡು ಸಲ ಹೋಗುತ್ತದೆ. ಮೊದಲೇ 'ಮುಗಿದಿದೆ' ಅಂತ ಬರೆದುಬಿಟ್ಟರೆ, ನಡುವೆ ಕೆಟ್ಟದ್ದು ಯಾರಿಗೂ ಗೊತ್ತೇ ಆಗುವುದಿಲ್ಲ, ಬೆಲ್ಲ ಗೋದಾಮಿನಲ್ಲೇ ಇರುತ್ತದೆ. ಒಂದು ಗಂಟೆಗಿಂತ ಹೆಚ್ಚು ಹೊತ್ತು 'ನಡೆಯುತ್ತಿದೆ' ಅಂತಲೇ ಇರುವ ಸಾಲನ್ನು ಮನುಷ್ಯರು ನೋಡಬೇಕು. ಟ್ರಿಗರ್ ಆದ ಕೂಡಲೇ 'ಸ್ಥಿತಿ ಹೊಸದಾಗಿದ್ದರೆ ಮಾತ್ರ' ಅನ್ನುವ ಫಿಲ್ಟರ್ ಹಾಕುವುದನ್ನು ಮರೆತರೆ ಇನ್ನೊಂದು ಪೇಚಿದೆ. ಶೀಟು ಬದಲಾದಾಗ ಓಡುವ ಯಂತ್ರ ತಾನೇ ಶೀಟು ಬದಲಾಯಿಸುತ್ತದೆ, ಅದನ್ನು ಕಂಡು ತಾನೇ ಮತ್ತೆ ಓಡುತ್ತದೆ. ಗಾಣದೆತ್ತಿನಂತೆ ಸುತ್ತಿ ಸುತ್ತಿ ರಾತ್ರಿ ಬೆಳಗಾಗುವುದರೊಳಗೆ ತಿಂಗಳ ಎಣಿಕೆಯೆಲ್ಲ ಮುಗಿದಿರುತ್ತದೆ.

ದುಡ್ಡಿನ ವಿಚಾರಕ್ಕೆ ಬರೋಣ. ಮೊಬೈಲಿನ ಸಾಮಾನ್ಯ ಯುಪಿಐ ಆ್ಯಪಿಗೆ ದುಡ್ಡು ಬಂದರೆ ಅದು ನಿಮ್ಮ ಯಂತ್ರಕ್ಕೆ ಸುದ್ದಿ ಕೊಡುವುದಿಲ್ಲ. ಗಿರಾಕಿ ಕಳಿಸುವ ಸ್ಕ್ರೀನ್‌ಶಾಟನ್ನು ಓದಿಸಿ 'ಪಾವತಿಯಾಯಿತು' ಅಂತ ಬರೆಸುವ ದಾರಿಯನ್ನು ತುಳಿಯಲೇಬೇಡಿ, ಸುಳ್ಳು ಸ್ಕ್ರೀನ್‌ಶಾಟ್ ಮಾಡುವುದು ಮಕ್ಕಳಾಟ. ಪೇಮೆಂಟ್ ಗೇಟ್‌ವೇ, ಅಂದರೆ ಗಿರಾಕಿಯ ದುಡ್ಡನ್ನು ಆನ್‌ಲೈನಿನಲ್ಲಿ ಪಡೆದು ನಿಮಗೆ ತಲುಪಿಸುವ ಸೇವೆ ಇದ್ದರೆ ವೆಬ್‌ಹುಕ್ ಸಿಗುತ್ತದೆ. ರೇಜರ್‌ಪೇಯನ್ನೇ ತೆಗೆದುಕೊಳ್ಳಿ. ಅಲ್ಲಿಂದ ಮೊತ್ತ ಬರುವುದು ಪೈಸೆಯಲ್ಲಿ. 500 ರೂಪಾಯಿ ಅಂದರೆ 50000 ಅಂತ ಬರುತ್ತದೆ, ನೂರರಿಂದ ಭಾಗಿಸದೆ ವಹಿಗೆ ಬರೆದರೆ ಬಾಕಿದಾರರೇ ನಿಮಗೆ ಸಾಲ ಕೊಟ್ಟವರಾಗುತ್ತಾರೆ. ಒಂದೇ ಪಾವತಿಯ ಸುದ್ದಿ ಎರಡು ಸಲ ಬರಬಹುದು, ಹಿಂದುಮುಂದಾಗಿಯೂ ಬರಬಹುದು. ಅವರ ಪ್ರತಿ ಸುದ್ದಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಒಂದು ಕಾಲಂನಲ್ಲಿ ಇಟ್ಟುಕೊಂಡು, ಈಗಾಗಲೇ ಇದ್ದರೆ ಬಿಟ್ಟುಬಿಡಿ ಅನ್ನುವ ಫಿಲ್ಟರ್ ಹಾಕಿ. ಸುದ್ದಿ ತಲುಪಿತು ಅನ್ನುವ ಉತ್ತರ 5 ಸೆಕೆಂಡಿನೊಳಗೆ ಹೋಗಬೇಕು. ಆದ್ದರಿಂದ ಮೊದಲು ಉತ್ತರ, ಆಮೇಲೆ ಉಳಿದ ಕೆಲಸ. 24 ಗಂಟೆ ಉತ್ತರವೇ ಸಿಗದಿದ್ದರೆ ಅವರು ವೆಬ್‌ಹುಕ್ಕನ್ನು ಬಂದ್ ಮಾಡುತ್ತಾರೆ.

ಬಿಲ್ಲಿನ ಸಂಖ್ಯೆಯನ್ನು ಮಾತ್ರ ಜೋಡಣೆಯಲ್ಲಿ ಹುಟ್ಟಿಸಬೇಡಿ. ಜಿಎಸ್‌ಟಿ ನಿಯಮದಂತೆ ಅದು ಆಯಾ ಹಣಕಾಸು ವರ್ಷದಲ್ಲಿ ಕ್ರಮವಾಗಿ ಇರಬೇಕು, ಎರಡನೆಯ ಸಲ ಬರಕೂಡದು, 16 ಅಕ್ಷರ ಮೀರಬಾರದು. ಒಂದೇ ಹೊತ್ತಿಗೆ ಎರಡು ಆರ್ಡರ್ ಬಂದರೆ ಎರಡೂ ಶೀಟು ನೋಡಿ 'ಕೊನೆಯದು 117' ಅಂತ ಓದಿ, ಎರಡೂ 118 ಅಂತ ಬರೆಯುತ್ತವೆ. ಸಂಖ್ಯೆ ಕೊಡುವ ಕೆಲಸ ಬಿಲ್ಲಿಂಗ್ ತಂತ್ರಾಂಶದ್ದೇ ಆಗಿರಲಿ, ಯಂತ್ರ ಅದನ್ನು ಪಡೆದುಕೊಂಡು ಶೀಟಿಗೆ ಬರೆಯಲಿ. ಗಿರಾಕಿಯ ಜಿಎಸ್‌ಟಿ ಸಂಖ್ಯೆ ತೆಗೆದುಕೊಳ್ಳುವಾಗ 15 ಅಕ್ಷರ ಇದೆಯೇ ಅಂತ ಫಾರಂನಲ್ಲೇ ಪರೀಕ್ಷಿಸಿ. ನಮ್ಮ ರಾಜ್ಯದ್ದಾದರೆ 29ರಿಂದ ಶುರುವಾಗುತ್ತದೆ.

ಮೊದಲು ಹೇಳಿದ ಇಪ್ಪತ್ತು–ಎಪ್ಪತ್ತರ ಗೊಂದಲಕ್ಕೆ ಮದ್ದು ಇರುವುದು ಖಾತ್ರಿ ಸಂದೇಶದಲ್ಲಿ. ಆರ್ಡರ್ ಬರೆದ ಮೇಲೆ ಗಿರಾಕಿಗೆ "ಪುಡಿ ಬೆಲ್ಲ ಅರ್ಧ ಕೆಜಿ: 20" ಅಂತ ಅಂಕಿಯಲ್ಲಿ ಹೋದರೆ ತಪ್ಪಿದ್ದರೆ ಅವರೇ ಫೋನ್ ಮಾಡುತ್ತಾರೆ. ವಾಟ್ಸ್ಯಾಪ್‌ನಲ್ಲಿ ಕಳಿಸುವುದಾದರೆ ಅವರ ಅಧಿಕೃತ ಬಿಸಿನೆಸ್ ವೇದಿಕೆಯ ಮೂಲಕವೇ ಕಳಿಸಿ. ಗಿರಾಕಿ ಕೊನೆಯ ಸಲ ಸಂದೇಶ ಕಳಿಸಿ 24 ಗಂಟೆ ದಾಟಿದ್ದರೆ, ವಾಟ್ಸ್ಯಾಪ್‌ನವರಿಂದ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್, ಅಂದರೆ ಸಿದ್ಧ ನಮೂನೆಯ ಸಂದೇಶ ಮಾತ್ರ ಹೋಗುತ್ತದೆ. ಬ್ರೌಸರಿನ ವಾಟ್ಸ್ಯಾಪನ್ನು ಕದ್ದು ಓಡಿಸುವ ಅಗ್ಗದ ಉಪಾಯಗಳಿಂದ ನಂಬರೇ ಬಂದ್ ಆಗಬಹುದು. ವರ್ಷಗಟ್ಟಲೆ ಗಿರಾಕಿಗಳ ಬಾಯಲ್ಲಿರುವ ನಂಬರನ್ನು ಪಣಕ್ಕಿಡಬೇಡಿ. ಎಸ್‌ಎಂಎಸ್ ಆದರೆ ಡಿಎಲ್‌ಟಿ ಅನ್ನುವ, ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಕಳಿಸುವವರ ಹೆಸರೂ ಸಂದೇಶದ ನಮೂನೆಯೂ ನೋಂದಣಿಯಾಗಿರಬೇಕು. ನಮೂನೆಗಿಂತ ಒಂದು ಪದ ಆಚೀಚೆಯಾದರೂ ಸಂದೇಶ ಹೋಗುವುದಿಲ್ಲ. ಕನ್ನಡದಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ 70 ಅಕ್ಷರ, ಇಂಗ್ಲಿಷಿಗೆ 160. ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ ಆಗುವುದರಿಂದ 'ಅಚ್ಚು' ಅನ್ನುವ ಎರಡಕ್ಷರದ ಪದಕ್ಕೇ ಐದು ಹೋಗುತ್ತದೆ. ಕನ್ನಡದಲ್ಲೇ ಕಳಿಸಿ, ಚಿಕ್ಕದಾಗಿ ಬರೆಯಿರಿ.

ಗಡಿಯಾರದ ಒಂದು ಚೇಷ್ಟೆ. ಎನ್‌ಏಟ್‌ಎನ್ ಅನ್ನು ನೀವೇ ಹಾಕಿಕೊಂಡರೆ, ಬದಲಾಯಿಸುವವರೆಗೂ ಅದು ನ್ಯೂಯಾರ್ಕ್ ಸಮಯದಲ್ಲಿರುತ್ತದೆ. ಬೆಳಿಗ್ಗೆ ಆರಕ್ಕೆ ಬರಬೇಕಾದ ಪ್ಯಾಕಿಂಗ್ ಪಟ್ಟಿ ಮಧ್ಯಾಹ್ನ ಮೂರೂವರೆಗೆ ಬರುತ್ತದೆ, ಅಲ್ಲಿ ಚಳಿಗಾಲವಾದರೆ ನಾಲ್ಕೂವರೆಗೆ. ಸಮಯ ವಲಯವನ್ನು ಏಷ್ಯಾ, ಕೋಲ್ಕತ್ತಾ ಅಂತ ಹಾಕಿ. ಅದನ್ನು ಅಂಗಡಿಯ ಕಂಪ್ಯೂಟರಿನಲ್ಲೇ ಓಡಿಸುತ್ತಿದ್ದರೆ ಕರೆಂಟ್ ಹೋದ ಕೂಡಲೇ ಅದೂ ನಿಲ್ಲುತ್ತದೆ ಅನ್ನುವುದು ನೆನಪಿರಲಿ.

ಖಾತೆಗಳನ್ನೆಲ್ಲ ಅಂಗಡಿಯ ಹೆಸರಿನ ಬೇರೆ ಇಮೇಲಿನಲ್ಲಿ ತೆರೆಯಿರಿ. ಕಂಪ್ಯೂಟರ್ ಗೊತ್ತಿರುವ ಹುಡುಗನ ಸ್ವಂತ ಇಮೇಲಿನಲ್ಲಿ ಜೋಡಿಸಿದ್ದರೆ, ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ ತಿಂಗಳು ನಿಮ್ಮ ಬಿಲ್ಲೂ ಅವನ ಹಿಂದೆಯೇ ಹೋಗುತ್ತದೆ. ಪಾಸ್‌ವರ್ಡ್ ಬದಲಾಯಿಸಿದರೂ ಜೋಡಣೆ ಕಳಚಬಹುದು. ಶೀಟಿನ ಕಾಲಂ ಹೆಸರು ಬದಲಾಯಿಸಿದರೂ ಅಷ್ಟೆ.

ಮೊದಲ ಎರಡು ವಾರ ಹಳೆಯ ಪುಸ್ತಕವನ್ನೂ ಬರೆಯುತ್ತಿರಿ, ಸಂಜೆ ಎರಡನ್ನೂ ತಾಳೆ ನೋಡಿ. ಯಾವುದಾದರೂ ಹೆಜ್ಜೆ ಕೆಟ್ಟರೆ, ಯಾವ ಆರ್ಡರ್, ಯಾವ ಹೆಜ್ಜೆ, ಎಷ್ಟು ಹೊತ್ತಿಗೆ ಅನ್ನುವುದು ಒಬ್ಬರ ಮೊಬೈಲಿಗೆ ಬರುವಂತೆ ಒಂದು ದಾರಿ ಮಾಡಿಡಿ. ಅದು ಎಲ್ಲರೂ ಇರುವ ಗುಂಪಿಗೆ ಬಂದರೆ, ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂತ ಎಲ್ಲರೂ ಸುಮ್ಮನಿರುತ್ತಾರೆ. ಆ ದಾರಿ ಕೆಲಸ ಮಾಡುತ್ತದೆಯೇ ಅಂತ ತಿಳಿಯಬೇಕಾದರೆ ಬೇಕೆಂದೇ ಕೆಡಿಸಿ ನೋಡಬೇಕು. ವ್ಯಾಪಾರ ಕಡಿಮೆ ಇರುವ ಒಂದು ಮಧ್ಯಾಹ್ನ ನಿಮ್ಮದೇ ನಂಬರಿನಲ್ಲಿ ಎಣಿಕೆಯ ಜಾಗ ಖಾಲಿ ಬಿಟ್ಟ ಒಂದು ಸಾಲನ್ನು ಶೀಟಿಗೇ ನೇರವಾಗಿ ಬರೆಯಿರಿ. ಮುಂದಿನ ಇಣುಕಿನ ಹೊತ್ತು ಕಳೆದು ಐದು ನಿಮಿಷವಾದರೂ ಮೊಬೈಲ್ ಸದ್ದು ಮಾಡದಿದ್ದರೆ ಹಳೆಯ ಪುಸ್ತಕವನ್ನು ಇನ್ನೂ ಕಪಾಟಿಗೆ ಸೇರಿಸಬೇಡಿ.

ನಮಸ್ಕಾರ.